ಮುಚ್ಚಿ ತೆಗೆದು ನೋಡುತ್ತಿದ್ದ ಆಪಾ

ಆಪಾ ಕುಳಿತದ್ದನ್ನು ನಾನು ನೋಡಿದ್ದು ಬಹಳ ಕಡಿಮೆ. ಆಳಂದದ ನಮ್ಮ ಕಚೇರಿಯಲ್ಲಿ ಅವರಿಗೆಂದೇ ಒಂದು ಕುರ್ಚಿ ಇತ್ತು. ಅದರ ಮೇಲೆ ಅವರ ಬ್ಯಾಗು ಕೂರುತ್ತಿತ್ತು. ಅವರು ಮೇಜಿಗೆ ಒಂದು ಕೈ ಊರಿ, ಬಗ್ಗಿ ನಿಂತೇ ಕಂಪ್ಯೂಟರು ನೋಡುತ್ತಿದ್ದರು. ಚಹಾ ಬಂದರೆ ಕಪ್ಪಿನಿಂದ ಬಸಿಗೆ ಸುರಿದುಕೊಂಡು ಎರಡು ಗುಟುಕು ಕುಡಿದು, ಏನೋ ನೆನಪಾಗಿ ಅಲ್ಲೇ ಇಟ್ಟು ಹೋಗುವರು. ಸಂಜೆ ಬಸಿ ತೊಳೆಯುವಾಗ ಕೆನೆ ಕಟ್ಟಿದ ಅರ್ಧ ಚಹಾ ಅದರಲ್ಲಿ ಇದ್ದೇ ಇರುತ್ತಿತ್ತು.

ಬಸ್ಸಿನಲ್ಲಿಯೂ ಹಾಗೆಯೇ. ಕಲಬುರಗಿ ದಾಟಿದ ಮೇಲೆ ಜೇವರ್ಗಿ ಬಸ್ಸು ಅರ್ಧಕ್ಕರ್ಧ ಖಾಲಿಯಾದರೂ ಅವರು ಬಾಗಿಲ ಹತ್ತಿರದ ಕಂಬ ಹಿಡಿದು ನಿಂತಿರುತ್ತಿದ್ದರು. ಕಂಡಕ್ಟರು ಪರಿಚಯದವನು. "ಕುಂದರ್ರಿ ಆಪಾ, ಸೀಟ್ ಖಾಲಿ ಅದಾವ" ಎನ್ನುತ್ತಿದ್ದ.

"ಕುಂತ್ರ ನಿದ್ದಿ ಬರ್ತದಪ್ಪಾ. ನಿದ್ದಿ ಬಂದ್ರ ಊರು ದಾಟಿ ಹೋಗ್ತದ."

"ಜೇವರ್ಗಿ ಬಂದ್ರ ನಾ ಎಬ್ಬಸ್ತೇನ್ರಿ."

"ನಕ್ಕೋ ನಕ್ಕೋ, ಬ್ಯಾಡಪ್ಪಾ. ನೀ ನಿನ್ನ ಟಿಕೀಟ್ ಹರಿ."

ಈ ವರ್ಷ ಅವರು ತೀರಿಕೊಂಡರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮೂರು ತಾಲೂಕಿನ ಹುಡುಗಿಯರಿಗೆ ಅವರು ಆಪಾ, ಅಂದರೆ ಅಕ್ಕ, ಅಷ್ಟೇ ಆಗಿದ್ದರು. ನನಗೂ ಅಷ್ಟೇ. ಆದರೆ ಅವರ ಬಗ್ಗೆ ಬರೆಯದೆ ಇರಲು ಆಗುತ್ತಿಲ್ಲ. ಬರೆಯಲು ಕೂತರೆ ನಾಲ್ಕು ಸಾಲಿಗೊಮ್ಮೆ ಎದ್ದು ಹೋಗಿ ಒಲೆ ಆರಿಸಿದ್ದೇನೋ ಇಲ್ಲವೋ ನೋಡಿ ಬರುತ್ತಿದ್ದೇನೆ.

ನಮ್ಮದು ಹೆಣ್ಣುಮಕ್ಕಳಿಗೆ ಕೆಲಸ ಕಲಿಸುವ ಸಣ್ಣ ಸಂಸ್ಥೆ. ಆಳಂದದಲ್ಲಿ ಕಚೇರಿ ಮತ್ತು ಹೊಲಿಗೆ ತರಗತಿ, ಅಫಜಲಪುರದಲ್ಲಿ ಐದು ಕಂಪ್ಯೂಟರುಗಳ ಒಂದು ಕೇಂದ್ರ, ಜೇವರ್ಗಿಯಲ್ಲಿ ಹಾಸ್ಟೆಲು ಮತ್ತು ಒಂದು ವರ್ಷದ ನರ್ಸಿಂಗ್ ಸಹಾಯಕಿ ತರಬೇತಿ. ಈ ಮೂರಕ್ಕೂ ಸೇರಿ ಒಂದು ವೆಬ್‌ಸೈಟು. ಹುಡುಗಿಯರು ಅದರಲ್ಲಿಯೇ ಅರ್ಜಿ ತುಂಬಬೇಕು, ಪಾಠ ನೋಡಬೇಕು, ಪರೀಕ್ಷೆಯ ತಾರೀಖು ತಿಳಿಯಬೇಕು. ಕಲಬುರಗಿಯ ಯಾರೋ ಅದನ್ನು ಕಟ್ಟಿಕೊಟ್ಟು ಹೋಗಿದ್ದರು. ದಿನದಿನವೂ ಅದನ್ನು ನಡೆಸುವ ಕೆಲಸ ಆಪಾ ಅವರದು. ಅವರು ಇಪ್ಪತ್ತು ವರ್ಷ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿಸಿದವರು. ಟೈಪ್‌ರೈಟರುಗಳು ಗುಜರಿಗೆ ಹೋದ ಮೇಲೆ ತಾವಾಗಿ ಕಂಪ್ಯೂಟರು ಕಲಿತು, ಸೈಟಿನ ಒಳಗಿನ ಒಂದೊಂದು ಸೆಟ್ಟಿಂಗನ್ನೂ ತೆಗೆದು, ಹಾಕಿ, ಕೆಡಿಸಿ, ಮತ್ತೆ ಸರಿಮಾಡಿ ತಿಳಿದುಕೊಂಡಿದ್ದರು. ನಾನು ನಿಂಬರ್ಗಾದಿಂದ ದಿನಾ ಬಸ್ಸಿಗೆ ಬರುತ್ತಿದ್ದ, ಆಗಷ್ಟೇ ಬಿ.ಎ. ಮುಗಿಸಿದ್ದ ಹುಡುಗಿ. ಅವರ ಕೈಕೆಳಗೆ ಪುಟಗಳಿಗೆ ಕನ್ನಡ ಟೈಪು ಮಾಡಲು ಸೇರಿದೆ.

ಅವರ ಒಂದು ಚಟ ಮೊದಲ ದಿನವೇ ಕಣ್ಣಿಗೆ ಬಿತ್ತು. ಯಾವ ಕೆಲಸ ಮುಗಿಸಿದರೂ ಬ್ರೌಸರನ್ನು ಪೂರ್ತಿ ಮುಚ್ಚಿ, ಮತ್ತೆ ತೆಗೆದು, ಸೈಟಿಗೆ ಹೋಗಿ ನೋಡುವರು. ಮೇಲಿನ ಮೂಲೆಯಲ್ಲಿ ಯಾರ ಹೆಸರಾದರೂ ಇದೆಯೇ? ಇಲ್ಲವೆಂದರೆ ಒಂದು ಉಸಿರು ಬಿಡುವರು. ಹುಡುಗಿಯರಿಗೂ ಅದನ್ನೇ ಕಲಿಸಿದ್ದರು. "ಮುಚ್ಚು, ತೆಗಿ. ಯಾರ ಹೆಸರ ಅದ ನೋಡು. ನಿನ್ನ ಹೆಸರ ಅಲ್ಲಿ ಬಿಟ್ಟು ಮನಿಗಿ ಹೋಗಬ್ಯಾಡ." ಎಷ್ಟೋ ಸಲ ಸಂಜೆ ಬಸ್ ನಿಲ್ದಾಣದ ತನಕ ಹೋದವರು, ಬಸ್ಸು ನಿಂತಿದ್ದರೂ ಬಿಟ್ಟು, ಬುರ್ಖಾದ ಸೆರಗು ಹಾರಿಸುತ್ತ ವಾಪಸು ಬಂದು ಹೊಲಿಗೆ ಕೋಣೆಯ ಕಂಪ್ಯೂಟರನ್ನು ಒಮ್ಮೆ ತೆಗೆದು ನೋಡಿ ಹೋಗುವರು. ಆ ಬಸ್ಸು ತಪ್ಪಿದರೆ ಮುಂದಿನದು ಮುಕ್ಕಾಲು ಗಂಟೆಗೆ.

"ಯಾಕ್ರಿ ಆಪಾ ಇಷ್ಟು?" ಎಂದು ಕೇಳಿದ್ದೆ.

"ಆದತ್, ಬೇಟಾ" ಎಂದರು. ಅಭ್ಯಾಸ. ಬೇರೆ ಕಾರಣ ಹೇಳಲಿಲ್ಲ.

ಕುಕೀ ಎಂದರೇನು ಎಂದು ನನಗೆ ಹೇಳಿಕೊಟ್ಟದ್ದೂ ಅವರೇ, ಅದೂ ಬಸ್ಸು ಕಾಯುತ್ತ ನಿಂತಾಗ. "ಲಾಗಿನ್ ಆದ್ಮ್ಯಾಲ ಸೈಟು ನಮ್ಮ ಬ್ರೌಸರ್ ಕೈಯಾಗ ಒಂದು ಚೀಟಿ ಕೊಡ್ತದ. ಅದೇ ಕುಕೀ. ಮುಂದಿನ ಪುಟಕ್ಕ ಹೋದಾಗ ಆ ಚೀಟಿ ನೋಡಿ, ಹೌದು, ಇದೇ ಹುಡುಗಿ ಅಂತ ಒಳಗ ಬಿಡ್ತದ. ಚೀಟಿ ಎರಡು ನಮೂನಿ. ಒಂದು ಬಸ್ ಟಿಕೀಟ್ ಇದ್ದಂಗ. ಇಳದ್ರ ಮುಗೀತು. ಬ್ರೌಸರ್ ಮುಚ್ಚಿದ್ರ ಚೀಟಿ ಖಲಾಸ್. ಅದು ಸೆಷನ್ ಕುಕೀ. ಇನ್ನೊಂದು ಪಾಸ್ ಇದ್ದಂಗ. ಹದಿನೈದು ದಿನ ಅಂತ ಬರದ್ರ ಹದಿನೈದು ದಿನ ನಡೀತದ. ಮುಚ್ಚಿ ತೆಗದ್ರೂ ನಡೀತದ."

"ಹಂಗಾದ್ರ ಪಾಸ್ ಚಲೋ ಅಲ್ರಿ ಆಪಾ? ದಿನಾ ಪಾಸ್‌ವರ್ಡ್ ಹೊಡೆಯೋ ಕಾಟ ಇಲ್ಲ."

"ಪಾಸ್ ನಿನ್ನ ಪರ್ಸಿನ್ಯಾಗ ಇದ್ರ ಚಲೋ. ನಮ್ಮ ಅಫಜಲಪುರದ ಕಂಪ್ಯೂಟರ್ ಯಾರ ಪರ್ಸು ಹೇಳು?"

ಐದು ಕಂಪ್ಯೂಟರಿಗೆ ದಿನಕ್ಕೆ ಎಷ್ಟು ಜನ ಕೂರುತ್ತಿದ್ದರೋ ಲೆಕ್ಕವಿಲ್ಲ. ಮಧ್ಯಾಹ್ನದ ಮೇಲೆ ಊರಿನ ಬೇರೆ ಜನವೂ ಪ್ರಿಂಟು ತೆಗೆಯಲು ಬರುತ್ತಿತ್ತು. ಹಾಗಾಗಿ ನಮ್ಮ ಸೈಟಿನ ಸೆಟ್ಟಿಂಗಿನಲ್ಲಿ ಸೆಷನ್ ಕುಕೀ ಎಂದೇ ಇತ್ತು, ಅದಕ್ಕೆ ಯಾರೂ ಕೈ ಹಚ್ಚುವಂತಿರಲಿಲ್ಲ. ಅಡ್ಮಿನ್ ಪಾಸ್‌ವರ್ಡನ್ನು ಮಾತ್ರ ಒಂದು ಲಕೋಟೆಯಲ್ಲಿಟ್ಟು ನನಗೆ ಕೊಟ್ಟಿದ್ದರು. "ನಾ ಜ್ವರ ಬಂದು ಮಲಗಿದ್ರ ತೆಗಿ. ಬ್ಯಾರೆ ಯಾವುದಕ್ಕೂ ಅಲ್ಲ."

ಆ ವರ್ಷ ನರ್ಸಿಂಗ್ ತರಬೇತಿಗೆ ಅರ್ಜಿ ತುಂಬುವ ಕೊನೆಯ ದಿನ ಕಳೆದಿತ್ತು. ಮರುದಿನ ಬೆಳಿಗ್ಗೆ ಸರಸಂಬಾದಿಂದ ಒಬ್ಬ ಹೆಂಗಸು ಕಚೇರಿಗೆ ಬಂದರು. ಕೂಲಿಗೆ ಹೋಗುವವರು. ಅಂದಿನ ಕೂಲಿ ಬಿಟ್ಟು ಬಂದಿದ್ದರು. ಬಾಗಿಲಲ್ಲೇ ನಿಂತು ಹೇಳಿದರು. ಅವರ ಮಗಳು ಸೋದರಮಾವನ ಫೋನಿನಲ್ಲಿ ಅರ್ಜಿ ತುಂಬಲು ಕೂತಿದ್ದಾಳೆ. ಮೂರನೆಯ ಪುಟದಲ್ಲಿ ಅಂಕಪಟ್ಟಿಯ ಫೋಟೋ ಹಾಕಬೇಕು. ಫೋಟೋ ತೆಗೆಯಲು ಕ್ಯಾಮೆರಾಕ್ಕೆ ಹೋದರೆ ಆ ಹಳೆಯ ಫೋನು ಬ್ರೌಸರನ್ನು ತಾನಾಗಿ ಮುಚ್ಚಿಬಿಡುತ್ತದೆ. ವಾಪಸು ಬಂದರೆ ಮತ್ತೆ ಪಾಸ್‌ವರ್ಡು ಕೇಳುತ್ತದೆ, ತುಂಬಿದ್ದೆಲ್ಲ ಖಾಲಿ. ಹುಡುಗಿ ನಾಲ್ಕು ಸಲ ಮೊದಲಿನಿಂದ ತುಂಬಿದಳಂತೆ. ಐದನೆಯ ಸಲಕ್ಕೆ ಮಾವ ಫೋನು ತೆಗೆದುಕೊಂಡು ಕೆಲಸಕ್ಕೆ ಹೋದ.

ಆ ತಾಯಿ ಕಂಪ್ಯೂಟರಿನತ್ತ ಕೈ ಮಾಡಿ ಕೇಳಿದರು: "ನಾಕು ಸಲ ನನ್ನ ಮಗಳು ತನ್ನ ಹೆಸರ ಹೇಳ್ಯಾಳ್ರಿ. ನಿಮ್ಮ ಮಷೀನಿಗಿ ಆಕಿ ನೆನಪ ಉಳಿಯಂಗಿಲ್ಲೇನು?"

ನಮ್ಮ ಸಂಸ್ಥೆಯ ಅಧ್ಯಕ್ಷರಿಗೆ ಫೋನು ಮಾಡಿದೆ. ಅವರು ಒಳ್ಳೆಯವರು, ಎಲ್ಲರಿಗೂ ಒಂದು ವಾರ ಹೆಚ್ಚು ಕೊಡೋಣ ಎಂದರು. ಆಪಾಗೆ ಫೋನು ಮಾಡಿದೆ. ಅವರು ಜೇವರ್ಗಿಯಲ್ಲಿದ್ದರು.

"ಆ ತಾಯಿ ಹೇಳಿದ್ದು ಖರೇ ಅದ. ಅರ್ಜಿ ಅರ್ಧ ತುಂಬಿದ್ರೂ ನಮ್ಮ ಕಡಿ ಉಳಿಯೋ ಹಂಗ ಮಾಡಬೇಕು" ಎಂದರು ಆಪಾ. ಅವರು ಓಡಾಡುತ್ತಲೇ ಮಾತಾಡುತ್ತಿದ್ದುದು ಚಪ್ಪಲಿಯ ಸದ್ದಿನಲ್ಲಿ ಕೇಳುತ್ತಿತ್ತು. "ಎರಡು ದಿನ ಕೊಡು. ನಾ ಬಂದು ನೋಡ್ತೇನಿ. ನೀ ಕೈ ಹಚ್ಚಬ್ಯಾಡ."

ಎರಡು ದಿನ ನಾನು ತಡೆಯಲಿಲ್ಲ. ಆ ತಾಯಿಯ ಮಾತು ಕಿವಿಯಲ್ಲಿತ್ತು. ಮಧ್ಯಾಹ್ನ ಲಕೋಟೆ ಒಡೆದೆ. ಸೆಟ್ಟಿಂಗ್ಸ್ ಪುಟದಲ್ಲಿ, ಬ್ರೌಸರ್ ಮುಚ್ಚಿದರೂ ಲಾಗಿನ್ ಉಳಿಯಲಿ ಎನ್ನುವ ಚೌಕಕ್ಕೆ ಟಿಕ್ ಹಾಕಿ, ಹದಿನೈದು ದಿನ ಎಂದು ಬರೆದೆ. ಒಂದು ನಿಮಿಷದ ಕೆಲಸ. ಅಂದು ಮನೆಯಲ್ಲಿದ್ದ ಮಾವನ ಫೋನಿಗೆ ಮಾಡಿ, ಸರಸಂಬಾದ ಹುಡುಗಿಯನ್ನು ಕರೆಸಿ, "ಈಗ ತುಂಬವ್ವಾ" ಎಂದೆ. ಈಗ ಫೋನು ಬ್ರೌಸರನ್ನು ಮುಚ್ಚಿದರೂ ಅವಳು ಹೊರಗೆ ಬೀಳಲಿಲ್ಲ, ತುಂಬಿದ್ದೂ ಅಳಿಯಲಿಲ್ಲ. ಒಂದೊಂದೇ ಪುಟ ತುಂಬಿ ಸಂಜೆಯ ಒಳಗೆ ಅರ್ಜಿ ಕಳಿಸಿದಳು. ನನಗೆ ಖುಷಿಯೋ ಖುಷಿ. ಆಪಾ ಬಂದ ಮೇಲೆ ಹೇಳಿ, ಬೈಸಿಕೊಂಡರಾಯಿತು ಎಂದುಕೊಂಡೆ.

ಆಪಾ ಬಂದು, ನಾನು ಹೇಳಲು ಬಾಯಿ ತೆರೆಯುವ ಮೊದಲೇ ಅಫಜಲಪುರದಿಂದ ಫೋನು ಬಂತು.

ಹವಳಗಾದ ಹುಡುಗಿಯೊಬ್ಬಳು ಆ ಕೇಂದ್ರಕ್ಕೆ ಕಂಪ್ಯೂಟರು ಕಲಿಯಲು ಬರುತ್ತಿದ್ದಳು. ನಾನು ಟಿಕ್ ಹಾಕಿದ ದಿನ ಸಂಜೆ, ಮನೆಯಲ್ಲಿ ಹೇಳದೆ ಜೇವರ್ಗಿಯ ನರ್ಸಿಂಗ್ ತರಬೇತಿಗೆ ಅರ್ಜಿ ತುಂಬಿದ್ದಳು. ಸಿಕ್ಕರೆ ಆಮೇಲೆ ಹೇಳೋಣ ಎಂದು. ಆಪಾ ಕಲಿಸಿದಂತೆ ಬ್ರೌಸರು ಮುಚ್ಚಿದಳು. ಬಸ್ಸಿನ ಹೊತ್ತಾಗಿದ್ದರಿಂದ ಮತ್ತೆ ತೆಗೆದು ನೋಡದೆ ಹೊರಟಳು. ಮರುದಿನ ಅವಳ ಅಣ್ಣ, ಸಕ್ಕರೆ ಕಾರ್ಖಾನೆಗೆ ಕಬ್ಬಿನ ಟ್ರ್ಯಾಕ್ಟರು ಹೊಡೆಯುವವನು, ಯಾವುದೋ ಕಾಗದದ ಪ್ರಿಂಟಿಗೆಂದು ಅದೇ ಕೇಂದ್ರಕ್ಕೆ ಬಂದ. ಅದೇ ಕಂಪ್ಯೂಟರಿಗೆ ಕೂತ. ಬ್ರೌಸರು ತೆಗೆದರೆ ಮೊದಲು ನಮ್ಮ ಸೈಟೇ ಬರುವಂತೆ ನಾವೇ ಇಟ್ಟಿದ್ದೆವು. ಮೇಲೆ ತಂಗಿಯ ಹೆಸರು. ಒತ್ತಿದ. ಅರ್ಜಿ ತೆರೆಯಿತು.

ಅರ್ಜಿಯ ಕೊನೆಗೆ ಒಂದು ಪ್ರಶ್ನೆ ಇತ್ತು: ನೀವು ಯಾಕೆ ಸೇರಬೇಕೆಂದಿದ್ದೀರಿ? ನಿಮ್ಮ ಮಾತಿನಲ್ಲಿ ಬರೆಯಿರಿ. ಅವಳು ಉದ್ದಕ್ಕೆ ಬರೆದಿದ್ದಳು. ಮೊದಲ ಸಾಲುಗಳು ಹೀಗಿದ್ದವು: ನಮ್ಮ ಮನೆಯಲ್ಲಿ ನನ್ನನ್ನು ಯಾರೂ ಏನೂ ಕೇಳುವುದಿಲ್ಲ. ನನ್ನ ಮದುವೆ ಮಾತಾಗಿದೆ ಎಂದು ನನಗೆ ಹೇಳಿದವರು ಪಕ್ಕದ ಮನೆಯವರು.

ಅಣ್ಣ ಅದನ್ನು ಪ್ರಿಂಟು ತೆಗೆದುಕೊಂಡು ಹೋಗಿ, ಬೀಗರ ಕಡೆಯ ಇಬ್ಬರು ಕೂತಿದ್ದಾಗಲೇ ಗಟ್ಟಿಯಾಗಿ ಓದಿದ. ಹುಡುಗಿ ಮರುದಿನದಿಂದ ಕೇಂದ್ರಕ್ಕೆ ಬರಲಿಲ್ಲ.

ಸುದ್ದಿ ಬಂದಾಗ ಆಪಾ ಆಳಂದಕ್ಕೆ ಬಂದು ಹತ್ತು ನಿಮಿಷವಾಗಿತ್ತು. ಫೋನು ಇಟ್ಟವರು ಕಂಪ್ಯೂಟರಿನ ಮುಂದೆ ಬಗ್ಗಿದರು, ಏನೋ ನೋಡಿದರು, ಮೌಸು ಎರಡು ಸಲ ಟಕಟಕ ಎಂದಿತು, ನಾನು ಹಾಕಿದ ಟಿಕ್ ಹೋಯಿತು. ನನ್ನ ಕಡೆ ತಿರುಗಲಿಲ್ಲ. "ನಡಿ, ಹವಳಗಾಕ್ಕ ಹೋಗೋಣು" ಎಂದು ಬ್ಯಾಗು ಎತ್ತಿಕೊಂಡರು.

ಕಲಬುರಗಿಯಲ್ಲಿ ಬಸ್ಸು ಬದಲಿಸುವಾಗ ಹೇಳಿಬಿಟ್ಟೆ. "ಆಪಾ, ಟಿಕ್ ಹಾಕಿದಾಕಿ ನಾನು."

ಅವರು ಬಸ್ಸುಗಳ ಬೋರ್ಡು ಓದುತ್ತ ನಿಂತಿದ್ದರು. "ಗೊತ್ತದ. ಪಾಸ್‌ವರ್ಡ್ ಇದ್ದಿದ್ದು ನಮ್ಮಿಬ್ಬರ ಹಂತ್ಯಾಕ, ನಾ ಟಿಕ್ ಹಾಕಿಲ್ಲ" ಎಂದರು. ಆಮೇಲೆ, "ಅಲ್ಲಿ ನೀ ಬಾಯಿ ಬಿಡಬ್ಯಾಡ. ನಾ ಮಾಡಿದ್ದು, ನೀ ಮಾಡಿದ್ದು ಅಂತ ನಾವೇ ನಾವೇ ವಾದಕ್ಕ ಹತ್ತಿದ್ರ, ಆ ಹುಡುಗಿ ಮಾತು ಕೇಳೋರು ಯಾರು?"

ಕಬ್ಬು ನುರಿಸುವ ಹಂಗಾಮು ಶುರುವಾಗಿತ್ತು. ಹವಳಗಾ ಹತ್ತಿರ ಬಂದಂತೆ ಕಾರ್ಖಾನೆಯ ಕಾಕಂಬಿ ವಾಸನೆ, ರಸ್ತೆಯ ಬದಿಗೆ ಸಾಲುಗಟ್ಟಿ ನಿಂತ ಟ್ರ್ಯಾಕ್ಟರುಗಳು. ಆಪಾ ಕಂಬ ಹಿಡಿದ ಕೈ ಬದಲಿಸುತ್ತ, ಬಳೆ ಹಿಂದೆ ಮುಂದೆ ಸರಿಸುತ್ತ ನಿಂತಿದ್ದರು.

ಹುಡುಗಿಯ ಮನೆಯಲ್ಲಿ ತಾಯಿ ಇದ್ದರು, ಅಣ್ಣ ಇದ್ದ. ತಾಯಿ ಚಾಪೆ ಹಾಸಿದರು. ಆಪಾ ಕೂರಲಿಲ್ಲ. ನಾನು ಹೊಸ್ತಿಲಿಗೆ ಅಂಟಿಕೊಂಡು ನಿಂತೆ.

ಅಣ್ಣ ಶುರು ಮಾಡಿದ. "ನೀವೇ ಕಲಿಸಿದ್ರೇನ್ರಿ ಇದನ್ನ? ಮನಿ ಮಾತು ಊರಿಗಿ ಬರದು ಹಾಕಾಕ?"

"ಹೌದ್ರಿ. ಯಾಕ ಸೇರ್ತೀ ಅಂತ ನಾವೇ ಕೇಳಿದ್ವಿ, ಆಕಿ ಬರದಾಳ" ಎಂದರು ಆಪಾ. "ಊರಿಗಿ ಬರದಿಲ್ಲ. ನನಗ ಬರದಾಳ. ನಮ್ಮನ್ನ ನಂಬಿ ಬರದಾಳ. ಅದು ನಿಮ್ಮ ಕಣ್ಣಿಗಿ ಬಿದ್ದಿದ್ದು ನನ್ನ ತಪ್ಪು. ನಮ್ಮ ಸೈಟಿನ್ಯಾಗ ಬಾಗಲಾ ತೆರದು ಉಳದಿತ್ತು. ಆದ್ರ ಓದಿದ್ದು ನಿಮ್ಮ ತಪ್ಪು."

"ಮನಿ ಮಂದಿ ಓದಬಾರದೇನ್ರಿ?"

"ಬ್ಯಾರೆಯವರ ಹೆಸರ ಮ್ಯಾಲ ಇತ್ತು. ನೋಡಿದ ಕೂಡಲೇ ಮುಚ್ಚಬೇಕಿತ್ತು. ಕಾಗದ ಎಲ್ಲದ?"

ಅವನ ಕುತ್ತಿಗೆಯ ನರ ಉಬ್ಬಿದ್ದು ನನಗೆ ಹೊಸ್ತಿಲಿನಿಂದಲೇ ಕಾಣುತ್ತಿತ್ತು. ಈಗ ಕೈ ಎತ್ತುತ್ತಾನೆ ಎಂದುಕೊಂಡೆ. ಅಷ್ಟರಲ್ಲಿ ತಾಯಿ ಎದ್ದು, ಗೋಡೆಯ ಗೂಡಿನಲ್ಲಿ ಮಡಿಚಿಟ್ಟಿದ್ದ ಕಾಗದ ತೆಗೆದು ಆಪಾ ಕೈಗೆ ಕೊಟ್ಟರು.

ಆಪಾ ಅದನ್ನು ಬಿಡಿಸಲಿಲ್ಲ. ಕಣ್ಣು ಕೂಡ ಹಾಯಿಸಲಿಲ್ಲ. ಇನ್ನೊಂದು ಮಡಿಕೆ ಮಡಿಚಿದರು. "ಹುಡುಗಿನ್ನ ಕರೀರಿ" ಎಂದರು. ಹುಡುಗಿ ಒಳಗಿನ ಬಾಗಿಲಿಗೆ ಬಂದಳು, ಹತ್ತೊಂಬತ್ತು ವರ್ಷದವಳು, ಅತ್ತು ಕಣ್ಣು ಬಾತಿತ್ತು. ಐವತ್ತೈದು ದಾಟಿದ್ದ ಆಪಾ ಅವಳ ಮುಂದೆ ಹೋಗಿ, ಕಾಗದವನ್ನು ಅವಳ ಅಂಗೈಯಲ್ಲಿಟ್ಟು, ಬೆರಳು ಮಡಿಸಿ, ಎರಡೂ ಕೈ ಜೋಡಿಸಿದರು. "ಇದು ನಿಂದು. ಇದನ್ನ ಕಾಯೋದು ನನ್ನ ಕೆಲಸ ಇತ್ತು. ಆಗಲಿಲ್ಲ. ಮಾಫ್ ಮಾಡು ಯವ್ವಾ."

ಹುಡುಗಿ ಕಾಗದ ಹಿಡಿದು ಒಳಗೆ ಹೋದಳು. ಅಣ್ಣ ಹೊರಗೆ ಹೋದ. ನಾವು ಬಸ್ಸಿಗೆ ನಡೆದೆವು.

ಮುಂದಿನ ವಾರ ಕಮಿಟಿ ಸೇರಿತು. ಕೋಣೆಯಲ್ಲಿ ನಾಲ್ಕು ಜನ ಸದಸ್ಯರು, ಆಪಾ, ಮತ್ತು ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳಲು ನಾನು. ಸೆಟ್ಟಿಂಗು ಬದಲಾದದ್ದು ಹೇಗೆ ಎಂದು ಅಧ್ಯಕ್ಷರು ಕೇಳಿದರು. "ಪಾಸ್‌ವರ್ಡ್ ನಂದು. ಜವಾಬ್ದಾರಿ ನಂದು" ಎಂದರು ಆಪಾ. ಅಲ್ಲಿ ನನ್ನನ್ನು ಯಾರೂ ಸುಮ್ಮನಿರು ಎಂದಿರಲಿಲ್ಲ. ಆಪಾ ನನ್ನ ಕಡೆ ನೋಡಲೂ ಇಲ್ಲ. ನನ್ನ ಕೆಲಸ ಹೋದರೆ ಮನೆಯಲ್ಲಿ ಏನು ಹೇಳುವುದು, ನಿಂಬರ್ಗಾದಲ್ಲಿ ಮತ್ತೆ ತೊಗರಿ ಹೊಲವೇ ಗತಿ, ಇಂಥವೇ ಯೋಚನೆ ಓಡುತ್ತಿದ್ದವು. ಆಪಾ ಅವರ ಅಜಾಗರೂಕತೆಯಿಂದ ಎಂದು ಅಧ್ಯಕ್ಷರು ಹೇಳಿದ್ದನ್ನು ನನ್ನ ಕೈಯಿಂದಲೇ ಬರೆದೆ. ಅಕ್ಷರ ದುಂಡಗೆ ಬಂದಿತ್ತು.

ಆಪಾ ಅವರನ್ನು ಸೈಟಿನ ಕೆಲಸದಿಂದ ತೆಗೆದು ಜೇವರ್ಗಿಯ ಹಾಸ್ಟೆಲಿಗೆ ವಾರ್ಡನ್ ಮಾಡಿದರು. ಸೈಟು ನನ್ನ ಕೈಗೆ ಬಂತು.

ಹೋಗುವ ಮೊದಲು ಅವರು ನಾಲ್ಕು ದಿನ ಕೇಳಿಕೊಂಡು ಕೆಲಸ ಮಾಡಿದರು. ಆ ನಾಲ್ಕು ದಿನ ಕಚೇರಿಯಲ್ಲಿ ಅವರ ಚಪ್ಪಲಿಯ ಸದ್ದು ನಿಲ್ಲಲಿಲ್ಲ. ಅರ್ಧ ತುಂಬಿದ ಅರ್ಜಿ ನಮ್ಮ ಕಡೆಯೇ ಉಳಿಯುವಂತೆ ಮಾಡಿದರು. ಬ್ರೌಸರು ಮುಚ್ಚಿಹೋದರೂ ಹುಡುಗಿ ಮತ್ತೆ ಪಾಸ್‌ವರ್ಡು ಹಾಕಿ ಬಂದರೆ ಬಿಟ್ಟಲ್ಲಿಂದಲೇ ತುಂಬಬಹುದು. ಲಾಗಿನ್ ಮಾತ್ರ ಮೊದಲಿನ ಹಾಗೆ, ಮುಚ್ಚಿದ ಕೂಡಲೇ ಮುಗಿಯಬೇಕು. ಸರಸಂಬಾದ ಹುಡುಗಿಗೂ ಇದು ಸಾಕಿತ್ತು, ಹವಳಗಾದ ಹುಡುಗಿಗೂ ಸಾಕಿತ್ತು. ನಾನು ಎರಡು ದಿನ ತಡೆದಿದ್ದರೆ ಇಬ್ಬರಿಗೂ ಸಿಗುತ್ತಿತ್ತು.

ಇನ್ನೊಂದು ಬಾಕಿ ಇತ್ತು. ಸ್ವಂತ ಫೋನು ಇರುವವರಿಗೆ ಲಾಗಿನ್ ಉಳಿಸಿಕೊಳ್ಳುವ ಅವಕಾಶ ಇರಲಿ ಎಂದು ಒಂದು ಖಾಲಿ ಚೌಕ ಇಟ್ಟರು. ಅದರ ಪಕ್ಕ ಮೊದಲಿಗೆ ಸೈಟು ತಾನಾಗಿ 'ನನ್ನನ್ನು ನೆನಪಿಡಿ' ಎಂದು ತೋರಿಸುತ್ತಿತ್ತು. ಆ ಮಾತು ಅವರಿಗೆ ಒಗ್ಗಲಿಲ್ಲ. ಬರೆದು, ಅಳಿಸಿ, ಹೊಲಿಗೆ ಕಲಿಯುವ ಹುಡುಗಿಯರನ್ನು ಕರೆದು ಓದಿಸಿ, ಅವರಿಗೆ ಏನು ಅರ್ಥವಾಯಿತೆಂದು ಕೇಳಿ, ಮತ್ತೆ ಅಳಿಸಿ, ಕೊನೆಗೆ ಹೀಗೆ ನಿಲ್ಲಿಸಿದರು: 'ಈ ಫೋನು ನಿಮ್ಮೊಬ್ಬರದೇ ಆಗಿದ್ದರೆ ಮಾತ್ರ ಟಿಕ್ ಮಾಡಿರಿ.' ಕೆಲವು ತಿಂಗಳ ಮೇಲೆ ಎಷ್ಟು ಹುಡುಗಿಯರು ಟಿಕ್ ಮಾಡಿದ್ದಾರೆಂದು ಫೋನಿನಲ್ಲಿ ಕೇಳಿದರು. ಬಹಳ ಕಡಿಮೆ ಎಂದೆ. ಆ ಕಡೆಯಿಂದ ಚಪ್ಪಲಿಯ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು.

ಜೇವರ್ಗಿಗೆ ಹೋದ ಮೇಲೂ ದಿನಾ ಫೋನು. "ಮುಚ್ಚಿ ತೆಗೆದು ನೋಡಿದೇನು?" "ನೋಡೇನ್ರಿ." "ಅಫಜಲಪುರದಾಗ?" "ಮುಂಜಾನಿ ಹೋಗಿದ್ದೆರಿ." "ಮತ್ತೊಮ್ಮಿ ನೋಡು." ನಾನು ಒಂದೊಂದು ದಿನ ಬೇಸರದಿಂದ ಫೋನು ಎತ್ತುತ್ತಿರಲಿಲ್ಲ. ಹಾಸ್ಟೆಲಿನಲ್ಲಿಯೂ ಹುಡುಗಿಯರ ಕೋಣೆಗೆ ಬಾಗಿಲು ಬಡಿಯದೆ ಹೋಗುತ್ತಿರಲಿಲ್ಲವಂತೆ. ಬಾಗಿಲು ತೆರೆದಿದ್ದರೂ ಚೌಕಟ್ಟಿಗೆ ಬೆರಳಿನಿಂದ ಬಡಿದು, "ಬರಲೇನ್ರವ್ವಾ?" ಎಂದು ಕೇಳಿ, ಒಳಗಿನಿಂದ ಹೂಂ ಬಂದ ಮೇಲೆಯೇ ಹೋಗುವರು.

ಈ ವರ್ಷ ಅವರು ಕಾಯಿಲೆ ಬಿದ್ದು ಮಲಗಿದ್ದು ಕೆಲವೇ ವಾರ. ತೀರಿಕೊಂಡ ಸುದ್ದಿ ಬಂದ ಮೂರನೆಯ ದಿನ, ಸತ್ತವರ ಹೆಸರಿನಲ್ಲಿ ಜಿಯಾರತ್ ಪ್ರಾರ್ಥನೆ ಓದಿಸುವ ದಿನ, ನಾನು ಜೇವರ್ಗಿಗೆ ಹೋದೆ. ಅವರ ತಂಗಿಯ ಮನೆ. ಹೆಂಗಸರೆಲ್ಲ ಒಳಕೋಣೆಯಲ್ಲಿ ಕೂತಿದ್ದರು. ಓದುವುದು ಮುಗಿದು ಊಟದ ತಟ್ಟೆಗಳು ಬರುತ್ತಿದ್ದವು. ಬಡಿಸುತ್ತಿದ್ದವರಲ್ಲಿ ಒಬ್ಬಳು ಸೀರೆಯ ಮೇಲೆ ಆಸ್ಪತ್ರೆಯ ಬಿಳಿ ಕೋಟು ಹಾಕಿಕೊಂಡಿದ್ದಳು. ಡ್ಯೂಟಿಯಿಂದ ಎದ್ದು ಬಂದಂತಿತ್ತು. ನನ್ನನ್ನು ನೋಡಿ ನಿಂತಳು. ನನಗೂ ಗುರುತು ಸಿಕ್ಕಿತು. ಹವಳಗಾದ ಹುಡುಗಿ.

ತಟ್ಟೆ ಇಟ್ಟು ಪಕ್ಕದಲ್ಲಿ ಕೂತಳು. ಇಲ್ಲಿಯದೇ ಒಂದು ಆಸ್ಪತ್ರೆಯಲ್ಲಿ ಕೆಲಸ, ಕೊನೆಯ ವಾರಗಳಲ್ಲಿ ಆಪಾಗೆ ಇಂಜೆಕ್ಷನ್ನು ಕೊಡುತ್ತಿದ್ದವಳು ತಾನೇ ಎಂದಳು. ಅವಳು ನಮ್ಮ ತರಬೇತಿಗೆ ಮರುವರ್ಷ ಸೇರಿದ್ದು ನನಗೆ ಸೈಟಿನಲ್ಲಿ ಹೆಸರು ನೋಡಿ ಗೊತ್ತಿತ್ತು. ಹೇಗೆ ಸೇರಿದಳೆಂದು ಗೊತ್ತಿರಲಿಲ್ಲ. ಕೇಳುವ ಧೈರ್ಯ ಆಗಿರಲಿಲ್ಲ.

"ನೀವು ಬಂದು ಹೋದ್ಮ್ಯಾಲೂ ಅಣ್ಣ ಬದಲಾಗಲಿಲ್ರಿ" ಎಂದಳು. "ಮದುವಿ ಮಾತು ಮುರೀತು, ಒಂದು ವರ್ಷ ಹೋಯ್ತು. ಆದ್ರ ಆಪಾ ಆ ಕಾಗದ ನನ್ನ ಕೈಯಾಗ ಕೊಟ್ರಲ್ರಿ, ಅದನ್ನ ನಮ್ಮವ್ವ ನೋಡಿದ್ಲು. ಆಕಿಗಿ ಓದಾಕ ಬರಂಗಿಲ್ಲ. ಅಣ್ಣ ಏನ್ ಓದಿ ಹೇಳಿದ್ನೋ ಅಷ್ಟೇ ಗೊತ್ತಿತ್ತು. ಮರುದಿನ ಹೊಲದಾಗ ಕುಂತು, ಏನ್ ಬರದಿದ್ದಿ, ನೀನೇ ಓದು ಅಂದ್ಲು. ಓದಿದೆ. ಅಣ್ಣ ಅರ್ಧಾನೇ ಓದಿದ್ದ. ಉಳದ ಅರ್ಧ ಅವ್ವನ ಮಾತೇ ಇತ್ತು. ನಮ್ಮವ್ವಗ ಸಕ್ರಿ ಬ್ಯಾನಿ, ಸೂಜಿ ಮಾಡಸ್ಕೊಳ್ಳಾಕ ಅಫಜಲಪುರ ತನಕ ಹೋಗಬೇಕು, ನಾ ಕಲಿತ್ರ ಮನ್ಯಾಗೇ ಮಾಡ್ತೇನಿ ಅಂತ ಬರದಿದ್ದೆ. ಮರುವರ್ಷ ಆಕಿನೇ ಕರಕೊಂಡು ಬಂದು ಹಾಸ್ಟೆಲಿನ್ಯಾಗ ಬಿಟ್ಲು. ಅಣ್ಣ ಈಗೂ ನನ್ನ ಸಂಗಟ ಮಾತಾಡಂಗಿಲ್ಲ."

ಇಷ್ಟು ವರ್ಷ ನುಂಗಿಕೊಂಡದ್ದು ಅಲ್ಲಿಯೇ ಹೊರಗೆ ಬಂತು. "ಆ ಬಾಗಲಾ ತೆರದಿದ್ದು ಆಪಾ ಅಲ್ಲ. ನಾನು. ಅವರು ಬ್ಯಾಡ ಅಂದ್ರೂ ನಾನೇ ಟಿಕ್ ಹಾಕಿದ್ದೆ."

ಅವಳು ನನ್ನನ್ನು ನೋಡಿದಳು. ಸಿಟ್ಟಿನ ನೋಟವಲ್ಲ. ಹಳೆಯದೇನನ್ನೋ ಸರಿಯಾಗಿ ನೆನಪು ಮಾಡಿಕೊಳ್ಳುತ್ತಿದ್ದಂತೆ ಇತ್ತು.

"ಅವತ್ತು ನೀವೂ ನಮ್ಮ ಮನಿಗಿ ಬಂದಿದ್ರಲ್ಲ? ಹೊಸ್ತಿಲದಾಗ ನಿಂತಿದ್ರಿ."

"ಹೌದು."

"ಹಂಗಾದ್ರ ಅವತ್ತೇ ನನಗ ಹೇಳಬೇಕಾಗಿತ್ರಿ."

ಆಪಾ ಸುಮ್ಮನಿರು ಎಂದಿದ್ದರು ಎನ್ನಬಹುದಿತ್ತು. ಅನ್ನಲಿಲ್ಲ. ಆಪಾ ಹೇಳಿದ್ದು ಆ ಮನೆಯ ಮಟ್ಟಿಗೆ. ಅದಾದ ಮೇಲಿನ ವರ್ಷಗಳ ಮೌನ ನನ್ನದು. ಅವಳು ಕ್ಷಮಿಸಿದೆ ಎನ್ನಲಿಲ್ಲ, ಎದ್ದೂ ಹೋಗಲಿಲ್ಲ. ನನ್ನ ತಟ್ಟೆ ಹತ್ತಿರ ಸರಿಸಿ, "ಉಣ್ರಿ, ಆರಿ ಹೋಗ್ತದ" ಎಂದಳು. ಇಬ್ಬರೂ ಉಂಡೆವು. ಅವಳು ಡ್ಯೂಟಿಗೆ ವಾಪಸು ಹೋಗುವ ಹೊತ್ತಾಗಿತ್ತು, ಹೋದಳು.

ಸೋಮವಾರ ಕಮಿಟಿ ಇತ್ತು. ಕೊನೆಗೆ ನನ್ನದೊಂದು ಮಾತಿದೆ ಎಂದೆ. ಹೇಳಿದೆ. ಅಧ್ಯಕ್ಷರಿಗೆ ಈಗ ವಯಸ್ಸಾಗಿದೆ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಆಪಾನೇ ಹೋದ್ರು. ಈ ಮಾತು ಈಗ್ಯಾಕವ್ವಾ?"

"ಪುಸ್ತಕದಾಗ ಅವರ ಹೆಸರ ಮ್ಯಾಲ ನನ್ನ ತಪ್ಪು ಉಳದದ್ರಿ. ನಾನೇ ಬರದಿದ್ದು."

ಹಳೆಯ ನಡಾವಳಿ ಪುಸ್ತಕ ತರಿಸಿದರು. ಹಾಳೆ ತಿರುವಿ, ಆ ದಿನದ ಪುಟ ಹುಡುಕಿ, ನನ್ನ ಮುಂದೆ ಸರಿಸಿದರು. ಅಂಚಿನಲ್ಲಿ ಜಾಗವಿತ್ತು. ಮೊದಲು ನನ್ನ ಹೆಸರು ಬರೆದೆ, ಆಮೇಲೆ ಮಾಡಿದ್ದು ಏನೆಂದು ಬರೆದೆ, ಸಹಿ ಹಾಕಿ ಅಂದಿನ ತಾರೀಖು ಹಾಕಿದೆ. ಅಧ್ಯಕ್ಷರು ಪುಸ್ತಕ ಮುಚ್ಚಲು ಹೋದರು.

"ಮುಚ್ಚಬ್ಯಾಡ್ರಿ" ಎಂದೆ. "ಗಟ್ಟಿಯಾಗಿ ಓದ್ರಿ. ಎಲ್ಲರೂ ಕೇಳಲಿ."

ಅವರು ಕನ್ನಡಕ ಹಾಕಿಕೊಂಡು ಓದಿದರು.